ಸುಟ್ಟ ಕೋಸಂಬರಿಯ ಮೊದಲ ತುತ್ತು

ನಮ್ಮ ಅತ್ತೆ ಕಮಲಾದೇವಿಯವರಿಗೆ ಈ ಲೋಕದಲ್ಲಿ ನಂಬಿಕೆ ಇದ್ದದ್ದು ಎರಡರ ಮೇಲೆ ಮಾತ್ರ. ಒಂದು ಕೊರಳಲ್ಲಿದ್ದ ಲಿಂಗ, ಇನ್ನೊಂದು ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಗೊಂಚಲು. ಮಿಕ್ಕ ಎಲ್ಲದರ ಮೇಲೂ ಅನುಮಾನ. ಹಾಲಿನವನು ನೀರು ಬೆರೆಸುತ್ತಾನೆ, ಅಗಸ ಸೀರೆ ಬದಲಾಯಿಸುತ್ತಾನೆ, ಬಸ್ಸಿನ ಕಂಡಕ್ಟರು ಬೇಕೆಂದೇ ಒಂದು ಸ್ಟಾಪು ಮುಂದೆ ಇಳಿಸುತ್ತಾನೆ. ಇಂಥವರ ಮನೆಗೆ ನಾನು ಸೊಸೆಯಾಗಿ ಹೋದೆ.

ಹೆಣ್ಣು ನೋಡಲು ಬಂದ ದಿನವೇ ನನಗೆ ಇವರ ರುಚಿ ತಿಳಿಯಬೇಕಿತ್ತು. ಹನುಮಂತನಗರದ ನಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿ ಅಮ್ಮ ಉಪ್ಪಿಟ್ಟು, ಕೇಸರಿಬಾತು ಕೊಟ್ಟಳು. ಹುಡುಗ ಶಾಂತವೀರಪ್ಪ ತಲೆ ತಗ್ಗಿಸಿಕೊಂಡು ತಿನ್ನತೊಡಗಿದರು. ಅವರ ತಾಯಿ ಮಾತ್ರ ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಇದನ್ನ ಯಾರು ಮಾಡಿದ್ದು?” ಎಂದರು.

“ನಮ್ಮ ಸರ್ವಮಂಗಳಾನೇ ಮಾಡಿದ್ದು,” ಎಂದು ಅಮ್ಮ ಹೆಣ್ಣು ಹೆತ್ತವರೆಲ್ಲ ಹೇಳುವ ಸುಳ್ಳನ್ನೇ ಹೇಳಿದಳು.

“ಹಂಗಾದ್ರೆ ಅವಳೇ ಒಂದು ತುತ್ತು ತಿನ್ಲಿ, ನೋಡೋಣ.”

ಅಪ್ಪನ ಕಿವಿ ಕೆಂಪಾಯಿತು. ನಾನು ತಿಂದೆ. ನಾನು ನುಂಗುವವರೆಗೂ ಆಕೆ ನನ್ನ ಮುಖ ನೋಡಿ, ಆಮೇಲೆ ತಮ್ಮ ತಟ್ಟೆಗೆ ಕೈ ಹಾಕಿದರು. ಅವರು ಹೋದ ಮೇಲೆ ಅಪ್ಪ, “ನಾವೇನು ವಿಷ ಹಾಕ್ತೀವಾ?” ಎಂದು ಕೂಗಾಡಿದರು. ಹುಡುಗ ಒಳ್ಳೆಯವನು, ಸರ್ಕಾರಿ ಕೆಲಸ, ಜಯನಗರದಲ್ಲಿ ಸ್ವಂತ ಮನೆ ಎಂದು ಅಮ್ಮ ಸಮಾಧಾನ ಮಾಡಿದಳು. ಮದುವೆ ಆಯಿತು.

ಅರವತ್ತೊಂದರಲ್ಲಿ ಜಯನಗರವೆಂದರೆ ಊರೂ ಅಲ್ಲ, ಹೊಲವೂ ಅಲ್ಲ. ನಮ್ಮ ಮನೆಯ ಎರಡು ಪಕ್ಕದಲ್ಲೂ ಕಲ್ಲು ನೆಟ್ಟ ಖಾಲಿ ಸೈಟುಗಳು. ಹಿಂದೆ ಯಾರದೋ ರಾಗಿ ಹೊಲ ಇನ್ನೂ ಬಾಕಿ ಇತ್ತು. ಖಾಲಿ ಸೈಟುಗಳ ಆಚೆ ಗಿರಿಜಾದೇವಿ ಎಂಬವರ ಮನೆ. ಮಾತನಾಡಲು ಸಿಗುವ ಜೀವ ಅದೊಂದೇ. ಮಾವನವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ನಾವು ಮೂವರೇ. ನಮ್ಮವರು ಕಚೇರಿಗೆ ಹೋದರೆ ಸಂಜೆಯವರೆಗೆ ನಾನು ಮತ್ತು ಆ ಬೀಗದ ಕೈ ಗೊಂಚಲಿನ ಸದ್ದು.

ಮಾಡಿದ ಅಡುಗೆಯ ಮೊದಲ ತುತ್ತು ದಿನವೂ ನನ್ನದು. ಸಾರಾಗಲಿ, ಪಲ್ಯವಾಗಲಿ, “ತಿನ್ನು” ಎನ್ನುತ್ತಿದ್ದರು. ನಾನು ತಿನ್ನಬೇಕು, ಅವರು ನನ್ನ ಮುಖ ನೋಡಬೇಕು. ಹಾಲು ಕಾಯಿಸುವ ಮೊದಲು, “ಇದು ಹೆಂಗಿದೆ ನೋಡು,” ಎಂದು ಪಾತ್ರೆಯನ್ನು ನನ್ನ ಮುಂದೆ ಹಿಡಿಯುತ್ತಿದ್ದರು. ಬೆಣ್ಣೆ ಕಾಯಿಸಿದರೆ, ನಿನ್ನೆಯ ಹುಳಿ ಮಿಕ್ಕಿದ್ದರೆ, ಎಲ್ಲಕ್ಕೂ ನಾನೇ ಪರೀಕ್ಷೆ ಕೊಡಬೇಕು. ಮೊದಮೊದಲು ನಗು ಬರುತ್ತಿತ್ತು, ಬರುಬರುತ್ತಾ ಮೈಯೆಲ್ಲ ಉರಿಯತೊಡಗಿತು.

ಉರಿಯುವುದಕ್ಕೆ ಎಣ್ಣೆ ಹೊಯ್ದವರು ಗಿರಿಜಾದೇವಿ. ಒಂದು ದಿನ ಹೆಪ್ಪಿಗೆಂದು ಮಜ್ಜಿಗೆ ಕೇಳಲು ಬಂದವರು ದನಿ ತಗ್ಗಿಸಿ, “ನಿಮ್ಮತ್ತೆ ಹಂಗ್ಯಾಕೆ ಮಾಡ್ತಾರೆ ಗೊತ್ತೇನಮ್ಮ? ನೀನು ಮದ್ದು ಹಾಕ್ತೀಯ ಅಂತ ಅವರಿಗೆ ಅನುಮಾನ,” ಎಂದರು.

ಗಂಡನನ್ನು ಕೈವಶ ಮಾಡಿಕೊಳ್ಳಲು ಹೆಂಡತಿ ಅನ್ನದಲ್ಲಿ ಏನೋ ಬೆರೆಸಿ ಹಾಕುತ್ತಾಳೆ ಎನ್ನುವ ಮಾತನ್ನು ನಾನೂ ಕೇಳಿದ್ದೆ. ಅದನ್ನು ನನ್ನ ಮೇಲೆ ಹೊರಿಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅವತ್ತಿನಿಂದ ನಾನೂ ಅವರನ್ನು ಅನುಮಾನದಿಂದಲೇ ನೋಡತೊಡಗಿದೆ. ನಾನು ಒಗ್ಗರಣೆ ಹಾಕುವಾಗ ಬಾಗಿಲಲ್ಲಿ ನಿಂತರೆ ಅದಕ್ಕೇ, ನಾನು ಅಂಗಡಿಯಿಂದ ತಂದ ಪೊಟ್ಟಣ ಬಿಚ್ಚಿ ನೋಡಿದರೆ ಅದಕ್ಕೇ. ನಮ್ಮವರಿಗೆ ಹೇಳಿದರೆ, “ಅಮ್ಮ ಮೊದಲಿಂದ್ಲೂ ಹಂಗೇ. ನನ್ನ ಕೈಲೂ ತಿನ್ನಿಸಿ ನೋಡ್ತಿದ್ಲು,” ಎಂದು ತಾಯಿಯ ಪರ ವಕಾಲತ್ತು ವಹಿಸಿದರು.

ಇಷ್ಟು ಅನುಮಾನದ ಹೆಂಗಸು ಒಂದೇ ಒಂದು ಪದಾರ್ಥವನ್ನು ಬಾಯಿ ಬಿಟ್ಟು ಕೇಳಿ ಮಾಡಿಸಿಕೊಳ್ಳುತ್ತಿದ್ದರು. ಅದು ಸುಟ್ಟ ಕೋಸಂಬರಿ. ನಮ್ಮ ತವರಿನ ಅಡುಗೆ. ಬೇಸಿಗೆಯಲ್ಲಿ ಅನ್ನ ಸೇರದೆ ಹೋದಾಗ ಅಮ್ಮ ನೀರೊಲೆಯ ಕೆಂಡದ ಮೇಲೆ ತರಕಾರಿ ಸುಟ್ಟು ಮಾಡುತ್ತಿದ್ದಳು. ಅತ್ತೆ ಅದನ್ನು ಕೇಳಿ, “ಬಚ್ಚಲು ಮನೆ ಕೆಂಡಾನಾ? ಶಿವ ಶಿವಾ!” ಎಂದದ್ದರಿಂದ ನಾನು ಹಿತ್ತಲಿನಲ್ಲಿ ಇದ್ದಿಲು ಒಲೆ ಹಚ್ಚುತ್ತಿದ್ದೆ.

ಚಿಕ್ಕಲಸಂದ್ರದಿಂದ ಬುಟ್ಟಿ ಹೊತ್ತು ಬರುತ್ತಿದ್ದ ಸೊಣ್ಣಮ್ಮನ ಹತ್ತಿರ ಬದನೆಕಾಯಿ, ಟೊಮ್ಯಾಟೊ, ದಪ್ಪ ಮೆಣಸಿನಕಾಯಿ, ಎಳೆ ಹೀರೇಕಾಯಿ ಕೊಳ್ಳುತ್ತಿದ್ದೆವು. ಅತ್ತೆ ಒಂದೊಂದು ಬದನೆಕಾಯಿಯನ್ನೂ ಬಿಸಿಲಿಗೆ ಹಿಡಿದು ತೂತು ಹುಡುಕುವುದನ್ನು ನೋಡಿ ಸೊಣ್ಣಮ್ಮ, “ಮದ್ವೆ ಗಂಡ್ನೂ ಇಷ್ಟು ನೋಡಕ್ಕಿಲ್ಲ ಕಣಮ್ಮೋ,” ಎನ್ನುತ್ತಿದ್ದಳು. ಎಲ್ಲಕ್ಕೂ ಒಂದಿಷ್ಟು ಎಣ್ಣೆ ಸವರಿ ಕೆಂಡದ ಮೇಲಿನ ಜಾಲರಿಗೆ ಇಡಬೇಕು. ಬದನೆಕಾಯಿಯ ಸಿಪ್ಪೆ ಕರ್ರಗಾಗಿ ಬಿರಿಯಬೇಕು, ಹೀರೇಕಾಯಿ ಮಾತ್ರ ಬಾಡಿದೊಡನೆ ತೆಗೆಯಬೇಕು. ಸಿಪ್ಪೆ ಸುಲಿದು ಬೆರಳಿನಿಂದಲೇ ಸೀಳಬೇಕು. ಹಿಸುಕಿದರೆ ಅದು ಗೊಜ್ಜಾಯಿತು, ಕೋಸಂಬರಿಯಲ್ಲ. ಅದಕ್ಕೆ ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಧಾರಾಳವಾಗಿ ನಿಂಬೆಹಣ್ಣು. ಕೊನೆಗೆ ಹಿತ್ತಲಿನಿಂದ ಆಗತಾನೆ ಕಿತ್ತ ಕೊತ್ತಂಬರಿ, ಪುದೀನ, ಒಂದೆರಡು ದೊಡ್ಡಪತ್ರೆ ಎಲೆ. ಸೊಪ್ಪನ್ನು ಹೆಚ್ಚಬಾರದು, ಕೈಯಲ್ಲಿ ಹರಿದು ಹಾಕಬೇಕು.

ಇದಕ್ಕೂ ಮೊದಲ ತುತ್ತಿನ ಪರೀಕ್ಷೆ ತಪ್ಪುತ್ತಿರಲಿಲ್ಲ. ಆದರೆ ಪರೀಕ್ಷೆ ಮುಗಿದ ಮೇಲೆ ಅತ್ತೆ ಎರಡು ಸಲ ಬಡಿಸಿಕೊಂಡು ತಿನ್ನುತ್ತಿದ್ದರು. “ಇನ್ನೊಂಚೂರು ಪುದೀನ ಹಾಕು. ಖಾರ ಸಾಲ್ದು,” ಎನ್ನುತ್ತಿದ್ದರು. ನನ್ನ ಕೈ ಬೇಡ, ನನ್ನ ಕೈಯ ಕೋಸಂಬರಿ ಬೇಕು. ಇದೆಂಥ ನ್ಯಾಯ ಎಂದು ಹಲ್ಲು ಕಚ್ಚಿಕೊಂಡು ಬಡಿಸುತ್ತಿದ್ದೆ.

ಮಾರನೆಯ ಬೇಸಿಗೆಯ ಹೊತ್ತಿಗೆ ನನಗೆ ಸಾಕಾಗಿತ್ತು. ತವರಿನಿಂದ ಬಂದ ಚಕ್ಕುಲಿಯನ್ನೂ ಅತ್ತೆ ನನ್ನ ಕೈಯಲ್ಲಿ ಮೊದಲು ತಿನ್ನಿಸಿದರು. ಅಂದರೆ ನಮ್ಮಮ್ಮನೂ ಮದ್ದು ಹಾಕುವವಳೇ? ನಮ್ಮವರಿಗೆ ಖಡಾಖಂಡಿತವಾಗಿ ಹೇಳಿದೆ: “ಇವತ್ತು ಸಾಯಂಕಾಲ ನಾನು ಹನುಮಂತನಗರಕ್ಕೆ ಹೋಗ್ತೀನಿ. ನನ್ನನ್ನ ನಂಬ್ದೇ ಇರೋ ಮನೆಗೆ ನೀವು ಕರೆದ್ರೂ ವಾಪಸ್ ಬರೋದಿಲ್ಲ.” ಅವರು ಛತ್ರಿ ಹಿಡಿದುಕೊಂಡು ಕಚೇರಿಗೆ ನಡೆದರು. ನಾನು ಟ್ರಂಕು ತುಂಬಿ ನಡುಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟೆ.

ಅತ್ತೆ ಟ್ರಂಕು ನೋಡಿದರು, ನನ್ನನ್ನೂ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ, “ಬಾಯಿ ಕೆಟ್ಟಿದೆ. ಸುಟ್ಟ ಕೋಸಂಬರಿ ಮಾಡ್ಕೊಟ್ಟು ಹೋಗು,” ಎಂದರು.

ಅವರ ಧೈರ್ಯಕ್ಕೆ ನಾನು ದಂಗಾದೆ. ಮಾಡದೆ ಹೋದಳು ಎಂಬ ಮಾತು ಬೇಡವೆಂದು ಮಾಡಲು ಹೊರಟೆ. ಇದ್ದಿಲು ಮುಗಿದಿತ್ತು. ಬತ್ತಿ ಸ್ಟೌ ಹಚ್ಚಿ ಅದರ ಮೇಲೆ ಜಾಲರಿ ಇಟ್ಟು ಸುಟ್ಟೆ. ಆ ಸ್ಟೌ ಸೋರುತ್ತಿತ್ತು, ಹೊಗೆಯಾಡುತ್ತಿತ್ತು. ಅಡುಗೆಮನೆಯೆಲ್ಲ ಸೀಮೆಎಣ್ಣೆ ನಾರುತ್ತಿದ್ದರಿಂದ ತರಕಾರಿಗೆ ಏನಾಯಿತೆಂದು ನನಗೆ ತಿಳಿಯಲೇ ಇಲ್ಲ. ಕಲಸಿ ತಂದು ಅವರ ಮುಂದಿಟ್ಟೆ.

“ತಿನ್ನು,” ಎಂದರು.

“ತಿನ್ನೋದಿಲ್ಲ ಅತ್ತೆ. ನಂಬಿಕೆ ಇದ್ರೆ ತಿನ್ನಿ, ಇಲ್ದಿದ್ರೆ ಚೆಲ್ಲಿ.”

ಅವರು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬದನೆಕಾಯಿಯ ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದರು. ನಾನು ಗೋಡೆಗೆ ಒರಗಿ ನಿಂತು ಅಲುಗಾಡಲಿಲ್ಲ. ಕೊನೆಗೆ ಒಂದು ತುತ್ತು ಬಾಯಿಗಿಟ್ಟರು, ಮತ್ತೊಂದು, ಮತ್ತೊಂದು.

“ಇವತ್ತು ಹದವಾಗಿದೆ ಕಣೇ,” ಎಂದರು.

ಗೆದ್ದೆ ಎಂದುಕೊಂಡು ನಾನೂ ಬೋಗುಣಿಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಅಪ್ಪಟ ಸೀಮೆಎಣ್ಣೆ! ಹಿತ್ತಲಿಗೆ ಓಡಿ ಉಗುಳಿ, ಬಾಯಿ ತೊಳೆದು, ಓಡಿ ಬಂದು ಅವರ ತಟ್ಟೆ ಕಿತ್ತುಕೊಂಡೆ.

“ಏನಾಗಿದೆ ಅದಕ್ಕೆ?” ಎಂದರು.

“ಬರೀ ಸೀಮೆಎಣ್ಣೆ ವಾಸ್ನೆ ಅತ್ತೆ. ಮೂಗಿನ ಹತ್ರ ಹಿಡಿಯೋಕಾಗಲ್ಲ. ನಿಮಗೆ ಗೊತ್ತಾಗ್ಲಿಲ್ವಾ?”

“ಬೇಕು ಅಂತ್ಲೇ ಮಾಡಿದ್ಯಾ? ನನ್ನ ಪರೀಕ್ಷೆ ಮಾಡ್ದ್ಯಾ? ಯಾರು ಹೇಳಿದ್ರು ನಿಂಗೆ?”

ಯಾರೂ ಏನೂ ಹೇಳಿರಲಿಲ್ಲ. ಆದರೆ ಆ ಪ್ರಶ್ನೆಯಿಂದಲೇ ಎಲ್ಲವೂ ನನಗೆ ಹೊಳೆದುಹೋಯಿತು. “ಅತ್ತೆ, ನಿಮಗೆ ವಾಸ್ನೆ ಬರಲ್ವಾ?” ಎಂದೆ.

ಅವರು ಮುಂಬಾಗಿಲು ಹಾಕಿದೆಯೋ ಎಂದು ಎದ್ದು ಹೋಗಿ ನೋಡಿಬಂದರು. ಕಿಟಕಿಯ ಬಳಿ ಗಿರಿಜಾದೇವಿ ಇಲ್ಲವಲ್ಲ ಎಂದು ಅದನ್ನೂ ನೋಡಿದರು. ಆಮೇಲೆ ಕೂತು ಹೇಳಿದರು. ಹುಡುಗಿಯಾಗಿದ್ದಾಗ ವಿಷಮಶೀತ ಜ್ವರ ಬಂದು ತಲೆಗೂದಲೆಲ್ಲ ಉದುರಿತಂತೆ. ಕೂದಲು ಮತ್ತೆ ಬೆಳೆಯಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಗೊತ್ತಾದರೆ ಯಾರೂ ಮದುವೆಯಾಗುವುದಿಲ್ಲವೆಂದು ಅವರಮ್ಮ ಆಣೆ ಹಾಕಿಸಿಕೊಂಡಿದ್ದಳಂತೆ. ಮದುವೆಯಾದ ಹೊಸದರಲ್ಲಿ ಹಳಸಿದ ಹುಳಿಯನ್ನು ತಿಳಿಯದೆ ಪಂಕ್ತಿಗೆ ಬಡಿಸಿ, ತಮ್ಮ ಅತ್ತೆಯ ಕೈಯಲ್ಲಿ ಜನರೆದುರು ಬೈಸಿಕೊಂಡರಂತೆ.

“ಅವತ್ತಿಂದ ಯಾರಾದ್ರೂ ತಿಂದು ಮುಖ ಸಿಂಡರಿಸ್ತಾರಾ ಅಂತ ನೋಡಿ ಆಮೇಲೆ ಬಡಿಸೋದು. ಅನುಮಾನದ ಪಿಶಾಚಿ ಅಂತಾರೆ. ಅನ್ಲಿ. ಮೂಗಿಲ್ದೋಳು ಅಂತ ಅನ್ನಿಸ್ಕೊಳ್ಳೋದಕ್ಕಿಂತ ವಾಸಿ. ನಿಮ್ಮ ಮಾವ ಹೋಗೋವರ್ಗೂ ಅವರಿಗೂ ಗೊತ್ತಿರ್ಲಿಲ್ಲ.”

“ಮತ್ತೆ ಈ ಕೋಸಂಬರಿ?”

“ಮಿಕ್ಕಿದ್ದೆಲ್ಲ ನಂಗೆ ಮಣ್ಣು ತಿಂದಂಗೆ ಕಣೇ. ಇದ್ರಲ್ಲಿ ಖಾರ ಉರೀತದೆ, ನಿಂಬೆಹಣ್ಣು ಹಲ್ಲು ಜುಂ ಅನ್ನಿಸ್ತದೆ, ಪುದೀನ ಗಂಟಲಲ್ಲಿ ತಣ್ಣಗೆ ಇಳೀತದೆ. ಏನೋ ತಿಂತಾ ಇದೀನಿ ಅಂತ ಗೊತ್ತಾಗೋದು ಇದೊಂದ್ರಲ್ಲೇ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಆ ಮುದುಕಿಯ ಮೇಲೆ ನನಗೆ ಮರುಕ ಬಂತು. ಸಂಜೆ ನಮ್ಮವರು ಬರುವ ಹೊತ್ತಿಗೆ ಟ್ರಂಕು ಮಂಚದ ಕೆಳಗಿತ್ತು. ಏನಾಯಿತೆಂದು ಕೇಳಿದರು. “ಏನೂ ಇಲ್ಲ” ಎಂದೆವು ಇಬ್ಬರೂ ಒಟ್ಟಿಗೆ.

ಇದರಿಂದ ಅತ್ತೆ ಬದಲಾದರು ಅಂತ ಯಾರೂ ತಿಳಿಯಬೇಡಿ. ಅನುಮಾನ ದಿಕ್ಕು ಬದಲಿಸಿತು, ಅಷ್ಟೇ. ಈಗ ನಾನು ಗುಟ್ಟು ರಟ್ಟು ಮಾಡುತ್ತೇನೆಂಬ ಅನುಮಾನ. ಗಂಡನ ಜೊತೆ ಮೆಲ್ಲಗೆ ಮಾತಾಡಿದರೆ, “ಏನದು?” ಎನ್ನುತ್ತಿದ್ದರು. ಅವರು ಹೇಳುವ ಮೊದಲೇ ನಾನು ಮೊದಲ ತುತ್ತು ತಿನ್ನುತ್ತಿದ್ದೆ, ಅವರ ಪಾಲಿನ ಕೋಸಂಬರಿಗೆ ಪುದೀನ ದುಪ್ಪಟ್ಟು ಹಾಕುತ್ತಿದ್ದೆ. ಆದರೂ ನನ್ನ ಮೇಲೆ ಒಂದು ಕಣ್ಣು.

ಒಮ್ಮೆ ಗಿರಿಜಾದೇವಿ ಬಂದು, “ಇನ್ನೂ ನಿನ್ನ ಕೈಲಿ ತಿನ್ನಿಸಿ ನೋಡ್ತಾರೇನಮ್ಮ?” ಎಂದರು. ಬಾಗಿಲ ಹಿಂದೆ ಬೀಗದ ಕೈ ಸದ್ದಾದದ್ದು ನನಗೆ ಕೇಳಿಸಿತು.

“ಹೂಂ ರೀ, ಇನ್ನೂ ತಿನ್ನಿಸ್ತಾರೆ. ನಮ್ಮತ್ತೆಗೆ ಬಹಳ ಅನುಮಾನ,” ಎಂದೆ.

ಅವತ್ತು ರಾತ್ರಿ ಅತ್ತೆ ತಾವಾಗಿ ನನಗೆ ತುಪ್ಪ ಬಡಿಸಿದರು. ಅಲ್ಲಿಂದ ಮುಂದೆ ನನ್ನ ಮಾತನ್ನು ಕದ್ದು ಕೇಳಲಿಲ್ಲ.

ಹೆರಿಗೆಗೆಂದು ನಾನು ತವರಿಗೆ ಹೋದೆ. ಗಂಡು ಮಗುವಾಯಿತು. ತೊಟ್ಟಿಲಿಗೆ ಹಾಕುವ ದಿನ ಅತ್ತೆ ಮಗನ ಜೊತೆ ಬಂದರು. ಬಂದವರೆಲ್ಲ ಮಗುವನ್ನು ಎತ್ತಿ ಮುದ್ದಾಡಿ ಊಟಕ್ಕೆ ಎದ್ದ ಮೇಲೆ ಅವರು ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ನನ್ನ ಪಕ್ಕ ಕೂತರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡಿದರು.

“ಎಲ್ರೂ ನೆತ್ತಿ ಮೂಸ್ತಾರೆ,” ಎಂದರು. “ಹೆಂಗಿರ್ತದೆ ಅದು?”

ನಾನು ಬಗ್ಗಿ ಮಗುವಿನ ನೆತ್ತಿಗೆ ಮೂಗು ಹಚ್ಚಿದೆ. ವಾಸನೆಯನ್ನು ಮಾತಿನಲ್ಲಿ ಹೇಳಬೇಕಾಗಿ ಬಂದದ್ದು ಅದೇ ಮೊದಲು. “ಹಾಲು ಉಕ್ಕೋಕ್ ಮುಂಚೆ ಕೈ ಹಿಡಿದ್ರೆ ಬೆಚ್ಚಗೆ ಹಬೆ ತಾಗುತ್ತಲ್ಲ ಅತ್ತೆ, ಮೂಗಿಗೆ ಅಷ್ಟು ಮೆತ್ತಗೆ ಇರುತ್ತೆ. ಒಂದು ಸಲ ಮೂಸಿದ್ರೆ ಬಿಡೋಕೆ ಮನಸ್ಸಾಗಲ್ಲ,” ಎಂದೆ.

ನಿಜ ಹೇಳುತ್ತಿದ್ದೀಯಾ ಎಂದು ಅವರು ಕೇಳಲಿಲ್ಲ. “ಹಂಗಾದ್ರೆ ನಮ್ಮ ಶಾಂತೂಂದೂ ಹಂಗೇ ಇದ್ದಿರ್ತದೆ,” ಎಂದರು.

ಮಗುವನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದರು. ನಮ್ಮವರು ಜಗಲಿಯ ಮೇಲೆ ನಮ್ಮಪ್ಪನ ಜೊತೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಅತ್ತೆ ಹೋಗಿ ಅವರ ತಲೆಯ ಮೇಲೆ ಕೈಯಿಟ್ಟು, ತೆಗೆಯದೆ ಹಾಗೇ ನಿಂತರು. ಅವರು ಗಾಬರಿಯಾಗಿ, “ಏನಮ್ಮ?” ಎಂದರು.

“ಏನಿಲ್ಲ ಕಣೋ. ತಲೆಗೆ ಎಣ್ಣೆ ಹಚ್ಕೊಳ್ಳೋದೇ ಇಲ್ವಲ್ಲೋ ನೀನು,” ಎಂದು ಮಗನನ್ನು ಬೈದರು.