ಜೀನ್ಸ್ ಹಾಕಿ ಹೋಗುವಂತಿಲ್ಲದ ಬೆಟ್ಟ

ಈ ವರ್ಷ ಯುಗಾದಿ ಕಳೆದ ಮೊದಲ ಭಾನುವಾರ, ರಾಯದುರ್ಗದಲ್ಲಿರುವ ನಮ್ಮ ಅಣ್ಣ ತನಗೊಂದು, ಅಳಿಯನಿಗೊಂದು ಜೀನ್ಸ್ ಪ್ಯಾಂಟ್ ಹೊಲಿದು ಮುಗಿಸಿದ. ಎರಡಕ್ಕೂ ಇಸ್ತ್ರಿ ಹಾಕಿ ಬ್ಯಾಗಿನ ತಳದಲ್ಲಿಟ್ಟ. ಪ್ರಯಾಣಕ್ಕೆ ಇನ್ನೂ ಕೆಲವು ವಾರಗಳಿದ್ದವು.

ಅಳಿಯ ನೀಲಗಿರಿಯ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಡಿ. ಹಿರೇಹಾಳ್ ಕಡೆಯ ಹುಡುಗ. ಮೈದಾನ ಎಂದರೆ ಸಮತಟ್ಟಲ್ಲ. ಏರು, ಇಳಿಜಾರು, ನಡುನಡುವೆ ದಟ್ಟ ಮರಗಳು. ಮದುವೆ ಮಾತುಕತೆಯ ದಿನ "ಹುಲ್ಲು ಕತ್ತರಿಸಾಕ ಅಷ್ಟು ದೂರ ಹೋಗಬೇಕೇನು?" ಎಂದು ಅಣ್ಣ ಎಲ್ಲರೆದುರೇ ಕೇಳಿದ್ದ. ಅವನ ಮಗಳು ಅದನ್ನು ಮರೆತಿರಲಿಲ್ಲ. ವರ್ಷಕ್ಕೊಂದು ದಿನ ಕೆಲಸಗಾರರ ಮನೆಯವರಿಗೆ ಮೈದಾನ ಸುತ್ತಲು ಬಿಡುತ್ತಾರೆಂದು ತಿಳಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿದಳು.

"ಒಮ್ಮೆ ಬಂದು ನೋಡ್ರಿ ಅಪ್ಪಾ. ಇವ್ರು ಏನ್ ಕೆಲ್ಸ ಮಾಡ್ತಾರಂತ ನಿಮಗ ಗೊತ್ತಾಗ್ಲಿ."

ಮಗಳ ಮನೆಗೆ ಮೊದಲ ಸಲ ಹೋಗುವಾಗ ಅಳಿಯನಿಗೆ ಬಟ್ಟೆ ಒಯ್ಯುವುದು ನಮ್ಮಲ್ಲಿ ವಾಡಿಕೆ. ಅಣ್ಣ ಜೀನ್ಸ್ ಹೊಲಿದೇ ಮನೆ ನಡೆಸಿದವನು. ಬೇರೆ ಬಟ್ಟೆಯ ಯೋಚನೆ ಅವನಿಗೆ ಬರಲೇ ಇಲ್ಲ.

ಟಿಕೆಟ್ ಮಾಡಿಸುವುದು ನನ್ನ ಪಾಲಿಗೆ ಬಂದಿತ್ತು. ಅದಕ್ಕಾಗಿ ಬುಧವಾರ ಸಂಜೆ ಅಣ್ಣನ ಮನೆಯಲ್ಲಿದ್ದಾಗ ಮಗಳ ಫೋನ್ ಬಂತು. ಸ್ಪೀಕರ್ ಹಾಕಿದೆವು.

"ಅಪ್ಪಾ, ಒಳಗ ಬರಾಕ ರೂಲ್ಸ್ ಅದಾವ. ಕಾಲರ್ ಇರೋ ಅಂಗಿ, ಬೂಟು ಬೇಕು. ಜೀನ್ಸ್ ಹಾಕ್ಕೊಂಡ್ರ ಬಿಡಂಗಿಲ್ಲಂತ."

ಅಣ್ಣ ಕೈಲಿದ್ದ ಕತ್ತರಿ ಕೆಳಗಿಟ್ಟ. "ಜೀನ್ಸ್ ಹೊಲ್ದು ನಿನ್ನ ಸಾಕೀನಿ. ಅದನ್ನ ಬ್ಯಾಡ ಅನ್ನೋರ ಬಾಗಿಲಿಗೆ ನಾ ಯಾಕ ಬರ್ಲಿ? ನಿಮ್ಮವ್ವನ್ನ ಕಳಸ್ತೀನಿ."

ಅತ್ತಿಗೆ ಮಡಕಶಿರಾ ಕಡೆಯವರು. ಕಡಲೆಕಾಯಿ ಬಿಡಿಸುತ್ತಿದ್ದವರು ಫೋನಿನತ್ತ ಬಾಗಿದರು. "ಅಳಿಯಂದ್ರು ಅಲ್ಲೇ ಅವ್ರಾ? ಅಲ್ಲಪ್ಪಾ, ಅಷ್ಟೊಂದು ಹುಲ್ಲು ಬೆಳ್ಸಿ ಕುರಿಗಿರಿ ಏನೂ ಬಿಡಾಕಿಲ್ವಾ?"

"ಕುರಿ ಇಲ್ರಿ ಅತ್ತೀ," ಎಂದ ಅಳಿಯ. "ಕಾಡುಕೋಣ ಬರ್ತಾವ. ಮುಂಜಾನೆ ಆಡೋ ಮಂದಿಗಿಂತ ಮೊದ್ಲ ಬಂದು ಮೇಯ್ತಾವ."

"ಅವನ್ನೂ ಕಾಲರ್ ಕೇಳಿ ಒಳಗ್ ಬಿಡ್ತಾರಾ?" ಎಂದರು ಅತ್ತಿಗೆ.

ಫೋನಿನಲ್ಲಿ ಮಗಳು ನಕ್ಕಿದ್ದು ಕೇಳಿಸಿತು. ಅಣ್ಣ ನಗಲಿಲ್ಲ. ಅಳಿಯ ಮುಂದುವರಿಸಿದ. "ಅವು ತುಳಿದಲ್ಲೆಲ್ಲ ನೆಲ ಕಿತ್ತಿರ್ತೈತ್ರಿ. ಬ್ಯಾರೆ ಕಡೆಯಿಂದ ಮಣ್ಣು ಸಮೇತ ಹುಲ್ಲು ಕೊಯ್ದು ತಂದು ತ್ಯಾಪಿ ಹಚ್ತೀವಿ. ಆಡೋರು ಬರೋದ್ರಾಗ ಮುಗೀಬೇಕು."

ಅಣ್ಣ ಫೋನನ್ನು ತನ್ನ ಕಡೆಗೆ ಎಳೆದುಕೊಂಡ. "ಏನ್ರಿ, ಇಳಿಜಾರಿನಾಗ ತ್ಯಾಪಿ ಹಚ್ಚಿದ್ರ ಕೂಡಿಸಿದ ಜೋಡು ಕಾಣೋದಿಲ್ಲೇನು?"

"ಬಂದು ಹುಡುಕ್ರಿ ಮಾವ. ಸಿಕ್ರ ತೋರಸ್ರಿ."

"ನನ್ನ ಕಣ್ಣಿಗೆ ಸಿಗಲಾರದ ಜೋಡು ಇನ್ನೂ ಯಾರೂ ಹಾಕಿಲ್ಲ."

"ಹಂಗಾದ್ರ ಬರ್ರಿ!" ಎಂದಳು ಮಗಳು.

ಮರುದಿನ ಅಣ್ಣ ಕಾಟನ್ ಬಟ್ಟೆ ತಂದ. ಮಿಷನ್ನಿನ ದಪ್ಪ ಸೂಜಿ ತೆಗೆದು ತೆಳುವಾದದ್ದು ಹಾಕಿದ. ಅಳಿಯನ ಜೀನ್ಸ್ ಬ್ಯಾಗಿನಲ್ಲೇ ಇದೆ. ಮನೆಯಲ್ಲಿ ಹಾಕಿಕೊಳ್ಳುತ್ತೇನೆಂದು ಅವನೇ ಹೇಳಿ ಕಳಿಸಿದ್ದಾನೆ. ತನ್ನದನ್ನು ಅಣ್ಣ ರೈಲಿನಲ್ಲಿ ಹಾಕಿಕೊಳ್ಳುತ್ತಾನಂತೆ. ಹೊಸ ಬೂಟು ಪಳಗಲೆಂದು ಅಣ್ಣ, ಅತ್ತಿಗೆ ಇಬ್ಬರೂ ಸಂಜೆ ಹೊತ್ತು ಊರಿನ ಕೋಟೆ ಬೆಟ್ಟ ಹತ್ತಿಳಿಯುತ್ತಿದ್ದಾರೆ. ಟಿಕೆಟ್ ಖಚಿತವಾಗಿದೆ. ಇಂದು ಬೆಳಿಗ್ಗೆಯ ಹೊತ್ತಿಗೆ ಕಾಟನ್ ಪ್ಯಾಂಟಿಗೆ ಗುಂಡಿ ಹಚ್ಚುವುದು ಬಾಕಿ ಇದೆ.