ಹಳೇ ಟರ್ಬೊದ ಸಿಳ್ಳೆ

ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಜೋರು ಕೊಡೋ ಟರ್ಬೊ ಕಿಟ್ಟನ್ನು ಕಾರಿಗೆ ಒಬ್ಬನೇ ಕೂರಿಸಬಹುದು. ಪರೀಕ್ಷೆ ಮಾಡೋಕೆ ಮಾತ್ರ ಇಬ್ಬರು ಬೇಕು: ಒಬ್ಬ ಆಕ್ಸಿಲರೇಟರ್ ಒತ್ತಬೇಕು, ಇನ್ನೊಬ್ಬ ಬಾನೆಟ್ ಎತ್ತಿ ಕಿವಿ ಕೊಡಬೇಕು. ಹಿರಿಯೂರಿನ ಅಂಚಿನ ಬಾಡಿಗೆ ಮನೆಯಲ್ಲಿ ಇರೋದು ನಾನೊಬ್ಬನೇ. ಚಿತ್ರದುರ್ಗದ ಗುಜರಿಯಲ್ಲಿ ಕೊಂಡ ಹಳೇ ಕಿಟ್ ಹಾಕಿ ಎರಡು ದಿನವಾಗಿತ್ತು. ನಾನು ಫೋನ್ ಮಾಡಿದ ಗೆಳೆಯರೆಲ್ಲ ನಾಳೆ ಅಂದಿದ್ದರು.

ಕೊನೆಗೆ, ಮನೆ ಮುಂದಿನ ಬಯಲಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಕರೆದೆ. ಅವರು ಚಪ್ಪಲಿ ಹೊರಗೆ ಬಿಟ್ಟು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕುಂತರು.

"ಬಲಗಾಲಲ್ಲಿ ಮೆತ್ತಗೆ ಒತ್ರಿ, ಯಜಮಾನ್ರೆ."

ಒತ್ತಿದರು. ಟರ್ಬೊ ಸಣ್ಣಗೆ ಸಿಳ್ಳೆ ಹಾಕಿತು. ಬಯಲಲ್ಲಿದ್ದ ಕುರಿಗಳೆಲ್ಲ ತಲೆ ಎತ್ತಿ, ಓಡಿ ಬಂದು ಕಾರಿನ ಸುತ್ತ ನಿಂತವು.

"ನಾನು ಅವನ್ನ ಕರಿಯೋದೂ ಹಿಂಗೇ ಕಣಪ್ಪ," ಅಂದರು. "ಇಷ್ಟು ಸಿಳ್ಳೆ ಹಾಕಿದ್ರೂ ನಿಮ್ಮನೆಯಿಂದ ಯಾರೂ ಹೊರಗೆ ಬರ್ಲಿಲ್ಲಲ್ಲ?"

"ಯಾರೂ ಇಲ್ರಿ."

ಅವರು ಇಳಿಯಲಿಲ್ಲ. "ಇನ್ನೊಂದ್ಸಲ ಒತ್ಲೇನು?" ಅಂದರು.

ಅಂಥ ಸಿಳ್ಳೆ ಬಂದರೆ ಪೈಪಿನ ಕ್ಲಿಪ್ ಸಡಿಲವಾಗಿ ಗಾಳಿ ಸೋರುತ್ತಿದೆ ಅಂತ ಅರ್ಥ. ಸ್ಕ್ರೂ ನಾಲ್ಕು ಸುತ್ತು ತಿರುಗಿಸಿದರೆ ನಿಂತುಹೋಗುತ್ತೆ. ನಾನಿನ್ನೂ ತಿರುಗಿಸಿಲ್ಲ.