ಗುಡ್ಡದ ಮೇಲಿನ ತೊಟ್ಟಿಲು ತಿರುಗಿದ ದಿನ

ಗುಡ್ಡದ ಮೇಲಿನ ಆಟದ ಪಾರ್ಕು ಮತ್ತೆ ತೆರೆಯುತ್ತದೆ ಎಂಬ ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ವಾರೆಯಾಗಿ ಬಿತ್ತು.

ಗೋಕಾಕದ ನಮ್ಮ ಮನೆಯ ಹಿತ್ತಲಿನಿಂದ ಆ ಗುಡ್ಡದ ನೆತ್ತಿ ಕಾಣುತ್ತದೆ. ಅಲ್ಲಿ ದೊಡ್ಡ ಚಕ್ರವೊಂದು ತುಕ್ಕು ಹಿಡಿದು ಎಷ್ಟೋ ವರ್ಷಗಳಿಂದ ಸುಮ್ಮನೆ ನಿಂತಿತ್ತು. ಸುತ್ತಲೂ ಕೂರುವ ಬುಟ್ಟಿಗಳು ತೂಗುವುದರಿಂದ ನಮ್ಮ ಕಡೆ ಅದಕ್ಕೆ ತೊಟ್ಟಿಲು ಎಂದೇ ಹೆಸರು. ಮದುವೆಯಾದ ಹೊಸದರಲ್ಲಿ ಒಮ್ಮೆ ಅದರಲ್ಲಿ ಕೂತಿದ್ದೆ. ಮೇಲಿನಿಂದ ಘಟಪ್ರಭೆ ಒಗೆದು ಒಣಹಾಕಿದ ಸೀರೆಯ ಹಾಗೆ ಕಂಡಿತ್ತು. ಆಮೇಲೆ ಪಾರ್ಕು ಮುಚ್ಚಿತು. ಕುರಿಯವರು ಬಿಸಿಲು ಏರಿದಾಗ ಕುರಿಗಳನ್ನು ಅದರ ನೆರಳಿಗೆ ತರುಬುತ್ತಿದ್ದರು.

ಈ ಸಲ ಆ ಚಕ್ರ ರಿಪೇರಿ ಮಾಡುವ ಕೆಲಸ ನನ್ನ ಮೈದುನನಿಗೇ ಸಿಕ್ಕಿತು. ಇಂಥ ಚಕ್ರಗಳ ಹಿಂದೆ ಊರೂರು ತಿರುಗುತ್ತಿದ್ದವನು ಅವನು. ಮನೆಗೆ ಬಂದರೆ ಹಬ್ಬ. ಅವನ ಹೆಂಡತಿ, ನನ್ನ ನೆಗೆಣ್ಣಿ, ಈಗ ತುಂಬು ಬಸುರಿ. ಪಾರ್ಕು ನಡೆದರೆ ಚಕ್ರ ತಿರುಗಿಸುವ ಕಾಯಂ ಕೆಲಸವೂ ಅವನದೇ. ಹೆರಿಗೆಯ ಹೊತ್ತಿಗೆ ಮನೆಯಲ್ಲೇ ಇರುತ್ತಾನೆ. ದೇವರ ಮುಂದೆ ದೀಪ ಹಚ್ಚುವಾಗ ನಾನು ಕೇಳಿಕೊಂಡದ್ದು ಇಷ್ಟನ್ನೇ.

ಬೆಳಗಾವಿಯಿಂದ ಇಂಜಿನಿಯರ್ ಸಾಹೇಬರು ತಪಾಸಣೆಗೆ ಬರುವ ದಿನ ನಾನೂ ಅತ್ತೆಯೂ ಬುತ್ತಿ ಕಟ್ಟಿಕೊಂಡು ಜೀಪು ಹತ್ತಿದೆವು. ಕೆಲಸದವರಿಗೆ ಅಲ್ಲಿಯೇ ಅಡಿಗೆ ನಡೆಯುತ್ತಿದ್ದುದರಿಂದ ನಮ್ಮ ಮನೆಯ ಒರಳುಕಲ್ಲು, ಅದರ ಗುಂಡು ಎರಡೂ ಗುಡ್ಡ ಹತ್ತಿ ಬಹಳ ದಿನವಾಗಿತ್ತು. ಗಾಳಿ ಇರಲಿಲ್ಲ, ಅದೂ ದೇವರ ದಯೆ. ಗಾಳಿ ಇದ್ದರೆ ಸಾಹೇಬರು ಚಕ್ರ ಮುಟ್ಟಗೊಡುತ್ತಿರಲಿಲ್ಲ. ಮೂಡಲಗಿಯ ನಾದಿನಿ ಫೋನು ಮಾಡಿ, "ತಿರಗಿತೇನ ವೈನಿ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ಸಾಹೇಬರು ಬೋಲ್ಟುಗಳನ್ನೆಲ್ಲ ತಟ್ಟಿ ನೋಡಿ, "ಹೂಂ, ಖಾಲಿ ತಿರಗಸ್ರಿ, ನೋಡೂಣು" ಎಂದರು. ಮೈದುನ ಸ್ವಿಚ್ಚಿನ ಕಡೆ ಹೋದ. ಅವನಿಗಿಂತ ಮೊದಲು ಅತ್ತೆ ಅಲ್ಲಿ ಹೋಗಿ ನಿಂತಿದ್ದರು.

"ಖಾಲಿ ತೊಟ್ಲಾ ತೂಗತಾರೇನೋ? ಮನ್ಯಾಗ ಬಸರಿ ಹೆಣಮಗಳ ಅದಾಳ."

"ಯವ್ವಾ, ಇದು ಕಬ್ಬಿಣದ್ದು."

"ಕಬ್ಬಿಣದ್ದಿರಲಿ, ಬಂಗಾರದ್ದಿರಲಿ. ಖಾಲಿ ಅಂದ್ರ ಖಾಲಿ. ನಾ ಕುಂದರತೇನಿ, ಆಮ್ಯಾಲ ತಿರಗಸು."

"ಅಮ್ಮಾರ, ಮದಲನೇ ಸುತ್ತಿಗೆ ಮಂದಿನ್ನ ಕುಂದ್ರಸಾಕ ಬರೂದಿಲ್ರಿ. ಕಾಯ್ದೆ ಐತಿ" ಎಂದರು ಸಾಹೇಬರು.

"ನಿಮಗ ನಿಮ್ಮ ಕಾಯ್ದೆ, ನಮಗ ನಮ್ಮದು."

ಸಾಹೇಬರು ಗಡಿಯಾರ ನೋಡಿಕೊಂಡರು. ಊಟವಾದ ಮೇಲೆ ಅವರು ಹುಕ್ಕೇರಿಗೆ ಹೋಗಬೇಕಿತ್ತು. ಇವತ್ತು ತಿರುಗದಿದ್ದರೆ ಮತ್ತೆ ಯಾವಾಗ ಬರುತ್ತೇನೋ ಹೇಳಲಾರೆ ಎಂದರು. ಮೈದುನನ ಮುಖ ಇಳಿಯಿತು. ತಾಯಿಯನ್ನು ದೂಡಿ ಸ್ವಿಚ್ಚು ಹಾಕುವ ಮಗ ಅವನಲ್ಲ. ಹಾಗೆಂದು ಅತ್ತೆಯ ಮಾತು ಸುಳ್ಳು ಎನ್ನಲು ನನಗೂ ಬಾಯಿ ಬರಲಿಲ್ಲ. ನನ್ನ ಮಕ್ಕಳ ತೊಟ್ಟಿಲನ್ನು ನಾನೂ ಖಾಲಿ ತೂಗಿದವಳಲ್ಲ.

ಆಗ ಒರಳಿನ ಕಡೆ ಕಣ್ಣು ಹೋಯಿತು.

"ಅತ್ತಿ, ಹೆಸರಿಡೂ ದಿನಾ ಕೂಸಿಗಿಂತ ಮದಲ ತೊಟ್ಲದಾಗ ಯಾರನ್ನ ಮಲಗಸ್ತೀವ್ರಿ?"

ಅತ್ತೆ ನನ್ನನ್ನೇ ನೋಡಿದರು. "ಗುಂಡಕಲ್ಲ" ಎಂದರು ಮೆಲ್ಲಗೆ. ಗುಂಡನ್ನು ಕೂಸಿನ ಹಾಗೆ ಸಿಂಗರಿಸಿ, ತೊಟ್ಟಿಲಿನ ಕೆಳಗೊಮ್ಮೆ ಮೇಲೊಮ್ಮೆ ಕೈಯಿಂದ ಕೈಗೆ ದಾಟಿಸಿ, ಮೊದಲು ಅದನ್ನು ಮಲಗಿಸಿ ತೂಗಿದ ಮೇಲೆಯೇ ಕೂಸು. ಬಂದ ಕುತ್ತು ಕಲ್ಲಿಗೆ ಹೋಗಲಿ ಎಂದು ಹಿರಿಯರು ಮಾಡಿದ್ದು.

"ಕಲ್ಲ ನಡೀತೈತೇನ್ರಿ ಸಾಹೇಬ್ರ?" ಎಂದೆ.

"ಕಲ್ಲಿಗೇನ ಜೀವ ಐತ್ರಿ? ಹೆಂಗೂ ಆಮ್ಯಾಲ ಉಸುಕಿನ ಚೀಲ ಹೇರಿ ನೋಡಾವನ ಇದ್ದೆ. ಬಿಗಿಯಾಗಿ ಕಟ್ರಿ ಮತ್ತ."

ಗುಂಡು ತೊಳೆದೆ. ಅರಿಷಿಣ ಕುಂಕುಮ ಅತ್ತೆಯ ಚೀಲದಲ್ಲಿ ಯಾವಾಗಲೂ ಇರುತ್ತವೆ. ರೊಟ್ಟಿ ಸುತ್ತಿದ್ದ ಬಿಳಿ ಅರಿವೆಯೇ ಕುಲಾವಿಯಾಯಿತು. ಅತ್ತೆಯೂ ನಾನೂ ಕೆಳಗಿನ ಬುಟ್ಟಿಯ ಅಡಿಯಿಂದ ಒಮ್ಮೆ, ಮೇಲಿನಿಂದ ಒಮ್ಮೆ ಗುಂಡನ್ನು ದಾಟಿಸಿದೆವು. ಹಗ್ಗದಿಂದ ಕಟ್ಟಲು ಬಂದ ಮೈದುನ ಮೂಸಿ ನೋಡಿ, "ವೈನಿ, ಕೂಸು ಮೆಣಸಿನಕಾಯಿ ನಾರಾಕತ್ತೈತಿ" ಎಂದ.

"ನಿನ್ನಂಗ ಎಣ್ಣಿ ನಾರೂದಕ್ಕಿಂತ ಬೇಶ್" ಎಂದರು ಅತ್ತೆ. ಅವರು ನಕ್ಕಾಗ ನನಗೆ ಹೋದ ಜೀವ ಬಂತು. ಆದರೆ ಅಷ್ಟಕ್ಕೇ ಬಿಡುವವರಲ್ಲ ಅವರು. "ಉಳದ ತೊಟ್ಲಗೋಳು?"

ಕೆಲಸದವರು ಗುಡ್ಡದ ಕಲ್ಲು ಆರಿಸತೊಡಗಿದರು. "ಎಲ್ಲಾ ಒಂದ ಮಾಪಿನವು ಇರಲಿ, ಚಕ್ರ ವಾಲಬಾರ್ದು" ಎಂದು ಕೂಗಿದ ಸಾಹೇಬರೇ ಕೊನೆಗೆ ಎರಡು ಕಲ್ಲು ಹೊತ್ತು ತಂದರು. ಒಂದೊಂದಕ್ಕೂ ಅತ್ತೆ ಕುಂಕುಮ ಹಚ್ಚಿದರು.

ಸ್ವಿಚ್ಚು ಬಿತ್ತು. ಚಕ್ರ ಒಮ್ಮೆ ಕಿರ್ ಎಂದು ನಡುಗಿ, ಮೆಲ್ಲಗೆ ಎದ್ದಿತು. ನಮ್ಮ ಒರಳಿನ ಗುಂಡು ಬಿಳಿ ಕುಲಾವಿ ಹಾಕಿಕೊಂಡು ಗೋಕಾಕದ ಮೇಲೆ, ಕೊಣ್ಣೂರಿನ ಕಬ್ಬಿನ ಮೇಲೆ, ಹೊಳೆಯ ಮೇಲೆ ಏರಿಹೋಯಿತು. ಕೆಳಗಿಳಿದು ನಮ್ಮ ಮುಂದೆ ಹಾಯ್ದು ಮತ್ತೆ ಏರಿತು. ಅತ್ತೆ ಜೋಗುಳ ಗುನುಗುತ್ತಿದ್ದರು. ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಮಾತ್ರ ನಾನು. ಉಸುಕಿನ ಚೀಲ ಹೇರಿಯೂ ನೋಡಿದ ಮೇಲೆ ಸಾಹೇಬರು ಮೈದುನನ ಬೆನ್ನು ತಟ್ಟಿ, "ಐತವಾರ ಸುರು ಮಾಡ್ರಿ" ಎಂದರು. ಆ ಮಾತು ಮುಗಿಯುವ ಮೊದಲೇ ನಾನು ಮೂಡಲಗಿಗೆ ಫೋನು ಹಚ್ಚಿದ್ದೆ.

ಸಂಜೆ ಒರಳೂ ಗುಂಡೂ ನಮ್ಮೊಂದಿಗೇ ಮನೆಗೆ ಬಂದವು. ಚಟ್ನಿ ಅರೆಯಲು ಗುಂಡನ್ನು ತೆಗೆದುಕೊಂಡೆ. ಅತ್ತೆ ಕೈಯಿಂದ ಕಸಿದು, ಕುಲಾವಿ ಸಮೇತ ದೇವರ ಜಗುಲಿಯ ಬಾಜೂ ಇಟ್ಟರು.

"ಇರಲಿ ಇದು. ಶೀಗಿ ಹುಣ್ಣಿಮಿ ಆಸುಪಾಸು ಮತ್ತ ಬೇಕಾಗತೈತಿ."

ಬಾಗಿಲಲ್ಲಿ ಕೂತಿದ್ದ ನೆಗೆಣ್ಣಿ ತಲೆ ತಗ್ಗಿಸಿ ನಕ್ಕಳು. ಕೈಯ ಗ್ರೀಸು ತೊಳೆಯುತ್ತಿದ್ದ ಮೈದುನ, "ಆವಾಗ ನಾ ಇಲ್ಲೇ ಇರತೇನಿ" ಎಂದ. ನಾನು ಚಟ್ನಿಯನ್ನು ಮಿಕ್ಸಿಗೆ ಹಾಕಿದೆ.